ಅಗಿದ ಮುದ್ದೆ

ರಾಗಿಹಿಟ್ಟು ಬೇಯುವ ವಾಸನೆ ಮೂಗಿಗೆ ಬಡಿದರೆ ಈಗಲೂ ಆ ಹುಡುಗಿಯ ಮೇಲೆ ನನಗೆ ಹೊಟ್ಟೆ ಉರಿಯುತ್ತದೆ.

ತೊಣ್ಣೂರು ಕೆರೆಯ ದಡದಲ್ಲಿ ಕಲ್ಲಿನ ಹಳೆಯ ಛತ್ರವೊಂದಿತ್ತು. ಜನ ಎತ್ತಿನಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲದಿಂದಲೂ ಅಲ್ಲಿ ಊಟ, ತಂಗಲು ಕೋಣೆ ಎರಡೂ ಸಿಗುತ್ತಿದ್ದವು. ಅವ್ವ ಅಲ್ಲಿ ಮುದ್ದೆ ಕಟ್ಟುತ್ತಿದ್ದಳು. ರಜೆಯಲ್ಲಿ ನಾನೂ ಜೊತೆಗೆ ಹೋಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದೆ.

ಆ ಮಧ್ಯಾಹ್ನ ಕಾರಿನಲ್ಲಿ ಬಂದವರ ಮಗಳು, ನನ್ನದೇ ವಯಸ್ಸಿನವಳು, ಮುದ್ದೆಯನ್ನು ಅಗಿದು ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡು ಅಳತೊಡಗಿದಳು. ಅವ್ವ ಕೈ ತೊಳೆದುಕೊಂಡು ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಒಂದು ಚೂರು ಮುರಿದು, ಉಪ್ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟಳು.

“ಅಗೀಬ್ಯಾಡ ಚಿನ್ನ, ಅಂಗೇ ನುಂಗ್ಬುಡು.”

ನನ್ನನ್ನು ಅವ್ವ ಕರೆಯುತ್ತಿದ್ದದ್ದು ‘ಲೇ’ ಎಂದು. ಚಿನ್ನ ಅನ್ನುವ ಮಾತು ಅವಳ ಬಾಯಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹುಡುಗಿ ನುಂಗಿದಳು, ನಕ್ಕಳು, ಮತ್ತೆ ಬಾಯಿ ತೆರೆದಳು. ಇಡೀ ಮುದ್ದೆ ಮುಗಿಯುವವರೆಗೂ ಅವ್ವ ತಿನ್ನಿಸಿದಳು.

ಬಂದವರೆಲ್ಲ ಎದ್ದುಹೋದ ಮೇಲೆ ನಮ್ಮಿಬ್ಬರ ಊಟ. ನಾನು ಮೊದಲ ತುತ್ತನ್ನು ಬೇಕೆಂದೇ ಅಗಿಯತೊಡಗಿದೆ.

“ಏನೇ ಅದು, ಮುದ್ದೆ ನುಂಗೋದೂ ಮರ್ತೋಯ್ತಾ?”

“ಊಂ. ನೀನೇ ತಿನ್ಸು.”

ಅವ್ವ ಬಲಗೈ ಬಿಚ್ಚಿ ತೋರಿಸಿದಳು. ಬೆಳಗಿನಿಂದ ಸುಡುವ ಹಿಟ್ಟು ನಾದಿದ ಅಂಗೈ ಕೆಂಪಗೆ ಊದಿಕೊಂಡಿತ್ತು.

ಆದರೂ ನಾನು ತುತ್ತಿಗಾಗಿ ಬಾಯಿ ತೆರೆದೇ ಕೂತಿದ್ದೆ.