ಬೇಡಿ ಉಂಡ ಮುದ್ದೆ

"ನಿಮ್ಮ ಕೃಪೆ ಎಲ್ಲರ ಮೇಲೂ ಇಳೀತದೆ, ನನ್ನ ಮೇಲೆ ಮಾತ್ರ ಯಾಕೆ ಇಳೀತಿಲ್ಲ ಬುದ್ಧಿ?" ಎಂದು ಯಗಟಿಯ ನಂಜುಂಡಪ್ಪನವರು ಗುರುಗಳ ಮುಂದೆ ಕೈಮುಗಿದು ಕೇಳಿದರು. ಕೇಳಿದ ಧಾಟಿ ಮಾತ್ರ ಪಂಚಾಯಿತಿ ಕಚೇರಿಯಲ್ಲಿ ನಲ್ಲಿ ನೀರಿನ ತಕರಾರು ಹೇಳುವವರದು.

ತಕರಾರಿನಲ್ಲಿ ನ್ಯಾಯವೂ ಇತ್ತು. ಬುಕ್ಕಾಂಬುಧಿ ಕೆರೆಯಾಚೆಯ ಆ ಪುಟ್ಟ ಆಶ್ರಮದಲ್ಲಿ ಪ್ರತಿ ಸೋಮವಾರ ಮೊದಲ ಸಾಲಿನಲ್ಲಿ ಕೂರುವವರು ಅವರೇ. 'ಗುರುಕೃಪೆಗೆ ತೆರೆದುಕೊಳ್ಳಬೇಕು' ಎಂದು ಗುರುಗಳು ಹೇಳಿದಂದಿನಿಂದ ಅಂಗೈ ಮೇಲೆ ಮಾಡಿ, ಎದೆ ಮುಂದಕ್ಕೆ ಚಾಚಿ, ಸಾಲದೆಂದು ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚಿ ಕೂರುತ್ತಿದ್ದರು. ಕೃಪೆಗೋ ಮರ್ಯಾದೆಯೇ ಗೊತ್ತಿಲ್ಲ. ಇವರ ತಲೆಯ ಮೇಲಿಂದ ಹಾದು, ಹಿಂದಿನ ಸಾಲಿನಲ್ಲಿ ಕೂಸಿಗೆ ಹಾಲೂಡಿಸುತ್ತ ಕೂತ ಹೆಂಗಸರ ಮೇಲೆ ಬೀಳುತ್ತಿತ್ತು. ಅವರ ಕಣ್ಣಲ್ಲಿ ನೀರು, ಮುಖದಲ್ಲಿ ಬೆಳಕು. ಆಶ್ರಮಕ್ಕೆ ಫ್ಯಾನು, ಜಮಖಾನ, ಮೈಕ್ ಸೆಟ್ಟು ಎಲ್ಲ ಕೊಡಿಸಿದ ನಂಜುಂಡಪ್ಪನವರಿಗೆ ಬರೀ ಮಂಡಿನೋವು. ಹೆಂಡತಿ ತೀರಿಕೊಂಡ ಮೇಲೆ ಅವರ ಎದೆಯಲ್ಲಿ ಏನೋ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅದು ಕರಗಲಿ ಎಂಬ ಆಸೆಯೊಂದೇ ಈ ಎಲ್ಲ ಸಡಗರದೊಳಗಿನ ನಿಜ.

ಗುರುಗಳು ಕೇಳಿದರು, "ನೀವು ಯಾರ ಹತ್ರನಾದ್ರೂ ಏನಾದ್ರೂ ಕೇಳಿ ಈಸ್ಕೊಂಡಿದೀರಾ ನಂಜುಂಡಪ್ಪ?"

"ಶಿವಶಿವಾ! ನಮ್ದು ಕೊಡೋ ಕೈ ಬುದ್ಧಿ. ಈಸ್ಕೊಂಡ ಅಭ್ಯಾಸವೇ ಇಲ್ಲ."

"ಅದೇ ತೊಂದ್ರೆ. ಈಸ್ಕೊಳ್ಳೋಕೆ ಬರದೋರಿಗೆ ನಾನೇನು ಕೊಡ್ಲಿ? ಊರಿಗೋಗಿ, ಯಾರ ಮನೇಲಾದ್ರೂ ಹಸಿವು ಅಂತ ಕೇಳಿ ಉಂಡು ಬನ್ನಿ."

ಇಷ್ಟೇ ತಾನೆ ಎನಿಸಿತು ನಂಜುಂಡಪ್ಪನವರಿಗೆ. ಅಂದೇ ತಿಪ್ಪೇಶನಿಗೆ ಫೋನ್ ಮಾಡಿ, ನಾಳೆ ಮಧ್ಯಾಹ್ನ ಭಿಕ್ಷೆಗೆ ಬರುವುದಾಗಿ ತಿಳಿಸಿದರು. ತಿಪ್ಪೇಶನ ಮಗನಿಗೆ ಕಡೂರಿನಲ್ಲಿ ಕೆಲಸ ಕೊಡಿಸಿದ್ದೇ ಇವರು. ಹೀಗಾಗಿ ಭಿಕ್ಷುಕರು ಕಾರಿನಿಂದ ಇಳಿಯುವಾಗ ಬಾಗಿಲಲ್ಲಿ ರಂಗೋಲಿ, ಕೊರಳಿಗೆ ಹಾರ, ಎಲೆ ತುಂಬ ಹೋಳಿಗೆ. ತಿಪ್ಪೇಶ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೂ ಹಾಕಿದ.

ಗುರುಗಳು ಫೋಟೊ ನೋಡಿ ನಕ್ಕರು. "ತುಪ್ಪ ಚೆನ್ನಾಗಿ ಬಡಿಸಿದಾರೆ. ಆದ್ರೆ ಇದು ಸನ್ಮಾನ ಕಣ್ರೀ. ನಿಮ್ಮಿಂದ ಏನೂ ತಗೊಂಡಿಲ್ದೇ ಇರೋ ಮನೆ ಒಂದೂ ಇಲ್ವಾ ಊರಲ್ಲಿ?"

ಒಂದಿತ್ತು. ಬೆನ್ನಿಗೆ ಬಿದ್ದ ತಮ್ಮ ಹಾಲೇಶನದು. ಅಪ್ಪನ ತೆಂಗಿನ ತೋಟ ಪಾಲಾದಾಗ, ಹಾಲೇಶನಿಗೆ ನ್ಯಾಯವಾಗಿ ಬಂದ ಭಾಗವನ್ನೇ ನಂಜುಂಡಪ್ಪನವರು "ಪಾಪ, ನಾನೇ ಬಿಟ್ಟುಕೊಟ್ಟೆ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಅಂದಿನಿಂದ ಹಾಲೇಶ ಅಣ್ಣನ ಮನೆಯ ಒಂದು ಲೋಟ ನೀರನ್ನೂ ಮುಟ್ಟಿರಲಿಲ್ಲ. ಅತ್ತಿಗೆ ಸತ್ತಾಗ ಬಂದು, ಮಣ್ಣು ಹಾಕಿ, ಮಾತಾಡದೆ ಹೋಗಿದ್ದ.

ಮರುದಿನ ನಂಜುಂಡಪ್ಪನವರು ಬೆಳಗಿನಿಂದ ಆ ಬೀದಿಗೆ ಹೊರಡುವುದು, ಅರ್ಧದಲ್ಲೇ ತಿರುಗುವುದು, ಇದರಲ್ಲೇ ತಿಂಡಿ ತಪ್ಪಿಸಿಕೊಂಡರು. ಕೊನೆಗೆ ಬಿಸಿಲು ನೆತ್ತಿಗೇರಿದಾಗ ಕಾರೂ ಇಲ್ಲದೆ, ಹಾರವೂ ಇಲ್ಲದೆ ತಮ್ಮನ ಅಂಗಳದಲ್ಲಿ ನಿಂತರು. ಹಾಲೇಶ ಕಾಯಿ ಸುಲಿಯುತ್ತಿದ್ದವನು ತಲೆಯೆತ್ತಿದ.

"ಏನಣ್ಣಾ, ದಾರಿ ತಪ್ಪಿ ಬಂದ್ಯಾ?"

ಇದು ಗುರುಗಳ ಅಪ್ಪಣೆ, ತಾನಾಗಿ ಬಂದದ್ದಲ್ಲ ಎಂದು ಹೇಳಲು ನಂಜುಂಡಪ್ಪನವರು ಮಾತು ಜೋಡಿಸಿಟ್ಟುಕೊಂಡಿದ್ದರು. ಬಾಯಿ ತೆರೆದಾಗ ಅದ್ಯಾವುದೂ ಬರಲಿಲ್ಲ.

"ಹಸಿವಾಗ್ತೈತೆ ಕಣೋ," ಎಂದರು.

ಹಾಲೇಶ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. ಆಮೇಲೆ ಒಳಗೆ ತಿರುಗಿ, "ಲೇ ಕರಿಯಮ್ಮ, ಅಣ್ಣಂಗೆ ತಟ್ಟೆ ಹಾಕು," ಎಂದು ಹೆಂಡತಿಗೆ ಕೂಗಿ ಹೇಳಿ ಮತ್ತೆ ಕಾಯಿ ಹಿಡಿದುಕೊಂಡ.

ಕರಿಯಮ್ಮ ಜಗಲಿಯ ಮೇಲೆ ಒಂದು ಮುದ್ದೆಯನ್ನೂ ಹುರುಳಿಕಾಳಿನ ಸಾರನ್ನೂ ತಂದಿಟ್ಟಳು. ಉಪಚಾರವಿಲ್ಲ, ತುಪ್ಪವಿಲ್ಲ, ಫೋಟೊ ತೆಗೆಯುವವರಿಲ್ಲ. ನಂಜುಂಡಪ್ಪನವರು ಮುರಿದು ಅದ್ದಿ ನುಂಗುತ್ತ ಹೋದರು. ಅವ್ವ ಮಾಡುತ್ತಿದ್ದ ಸಾರಿನದೇ ರುಚಿ. ಮೊದಲ ಸಾಲಿನಲ್ಲಿ ಕೂತಾಗ ಕಣ್ಣು ಒದ್ದೆಯಾಯಿತೇ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದವರು ಈಗ ಮೂಗು ಸೋರುತ್ತಿದ್ದದ್ದನ್ನೂ ಗಮನಿಸಲಿಲ್ಲ.

"ಖಾರ ಆಯ್ತಾ ಭಾವ?" ಎಂದಳು ಕರಿಯಮ್ಮ.

"ಇಲ್ಲ ಕಣವ್ವ, ಸರಿಯಾಗೈತೆ."

ಕೈ ತೊಳೆಯಲು ಏಳುವಾಗ ಸೂರಿನ ಕಡೆ ಕಣ್ಣು ಹೋಯಿತು. ಅಲ್ಲಲ್ಲಿ ಒಡೆದ ಹೆಂಚಿನ ಸಂದಿಯಿಂದ ಬಿಸಿಲು ಇಳಿಯುತ್ತಿತ್ತು. ಬಹುಕಾಲದ ರೋಗ ಒಂದು ಊಟಕ್ಕೆ ವಾಸಿಯಾದೀತೇ? ನಂಜುಂಡಪ್ಪನವರ ಬೆನ್ನು ತಾನಾಗಿ ನೆಟ್ಟಗಾಯಿತು, ದನಿ ದಪ್ಪವಾಯಿತು.

"ಹೆಂಚೆಲ್ಲ ಹೋಗ್ಬಿಟ್ಟೈತಲ್ಲೋ ಹಾಲೇಶ. ನಾಳೆ ನಮ್ಮ ಆಳುಗಳನ್ನ ಕಳ್ಸಿ ಹೊಸದು ಹಾಕಿಸ್ಕೊಡ್ತೀನಿ ಬಿಡು."

ಹಾಲೇಶ ಸುಲಿದ ಕಾಯಿಯನ್ನು ರಾಶಿಗೆ ಎಸೆದ. "ಉಂಡಿದ್ದು ಇನ್ನೂ ಗಂಟ್ಲಿಂದ ಇಳಿದಿಲ್ಲ ಕಣಣ್ಣಾ, ಆಗ್ಲೇ ಕಕ್ತಿದೀಯಲ್ಲ."

ನಂಜುಂಡಪ್ಪನವರು ಹಾಗೇ ಹೊರಟುಹೋಗಬಹುದಿತ್ತು. ಇಷ್ಟು ವರ್ಷ ಅವರು ಮಾಡಿದ್ದೂ ಅದನ್ನೇ. ಆದರೆ ಅದೇಕೋ ಕಾಲು ಮಡಚಿಕೊಂಡಿತು. ಮತ್ತೆ ಅದೇ ತಟ್ಟೆಯ ಮುಂದೆ ಕೂತುಬಿಟ್ಟರು.

"ಇನ್ನೊಂದು ಮುದ್ದೆ ಇದ್ರೆ ಹಾಕವ್ವ," ಎಂದರು ಮೆಲ್ಲಗೆ.

ಕರಿಯಮ್ಮ ಪಾತ್ರೆ ಬಗ್ಗಿಸಿ ನೋಡಿದಳು.

"ಮುಗ್ದೋಯ್ತು ಭಾವ. ನಾಳೆ ಬನ್ನಿ."

"ಹೂಂ, ಬತ್ತೀನಿ," ಎಂದರು ನಂಜುಂಡಪ್ಪನವರು, ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ.