‘ಇಲ್ಲ’ ಮನೆತನ

“ಅವಳಿ ಮಕ್ಕಳಿಗೆ ಇನ್ನೂ ಹಾಲು ಕುಡಿಸ್ತಿದ್ದೀರಾ?” ಮಾತ್ರೆ ಬರೆಯುವ ಮುಂಚೆ ಹಲ್ಲಿನ ಡಾಕ್ಟರು ಕಂಪ್ಯೂಟರ್ ನೋಡುತ್ತ ಕೇಳಿದರು.

ಬಾಯಿ ತೆರೆದು ಕುರ್ಚಿಗೆ ಒರಗಿದ್ದವಳು ಬಾಯಿ ಮುಚ್ಚುವುದನ್ನೇ ಮರೆತಳು. ಇರುವುದು ಒಬ್ಬಳೇ ಮಗಳು, ಅದೂ ಹನ್ನೆರಡು ತುಂಬಿದ ಹುಡುಗಿ. ಅವಳ ಕೋಟು, ಚೀಲ ಹಿಡಿದು ನಿಂತಿದ್ದ ಗಂಡ ಮೆಲ್ಲಗೆ ಕನ್ನಡದಲ್ಲಿ ಕೇಳಿದ: “ನಂಗೊಂದು ಮಾತೂ ಹೇಳದೇ ಯಾವಾಗ ಹೆತ್ತೆ ಮಾರಾಯ್ತಿ?”

“ನೀವು ಸುಮ್ನಿರ್ರೀ!” ಊದಿದ ಕೆನ್ನೆ ಹಿಡಿದುಕೊಂಡು ಎದ್ದು ಕೂತಳು. “ಡಾಕ್ಟ್ರೇ, ನನಗೆ ಪೆನಿಸಿಲಿನ್ ಆಗಲ್ಲ. ಅದನ್ನಾದ್ರೂ ಬರ್ಕೊಂಡಿದೀರಾ?”

ಕಂಪ್ಯೂಟರಿನಲ್ಲಿ ಆ ಮಾತೇ ಇರಲಿಲ್ಲ. ಡಾಕ್ಟರು ಬರೆಯಲು ಹೊರಟಿದ್ದೂ ಪೆನಿಸಿಲಿನ್ನನ್ನೇ. ಅವರು ಬೆವರು ಒರೆಸಿಕೊಂಡು, “ಸರ್‌ನೇಮ್ ‘ಇಲ್ಲಾ’, ಹುಟ್ಟಿದ್ದು ಜೂನ್ ಒಂದು. ನೀವೇ ತಾನೇ?” ಎಂದು ಓದಿದರು. ‘ಇಲ್ಲ’ ಎಂಬುದನ್ನು ಯಾವುದೋ ದೊಡ್ಡ ವಂಶದ ಹೆಸರಿನಂತೆ ಎಳೆದು ಉಚ್ಚರಿಸಿದರು. ಅವಳು ಗಂಡನನ್ನು ನೋಡಿದಳು. ಗಂಡ ಛಾವಣಿ ನೋಡಿದ.

“ನಮಗೆಲ್ಲಿದೆ ಕಣೇ ಸರ್‌ನೇಮು? ಒಂದು ಇನಿಷಿಯಲ್, ಅಲ್ಲಿಗೆ ಮುಗೀತು. ಖಾಲಿ ಬಿಟ್ರೆ ಈ ಆಸ್ಪತ್ರೆ ಫಾರಂ ಮುಂದಕ್ಕೇ ಹೋಗ್ತಿರ್ಲಿಲ್ಲ. ‘ಇಲ್ಲ’ ಅಂತ ಇವರ ಅಕ್ಷರದಲ್ಲಿ ಟೈಪ್ ಮಾಡ್ದೆ, ತಗೊಂಡ್‌ಬಿಡ್ತು. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಲ್ಲೂ ಎಲ್ರಿಗೂ ಹೇಳ್ಕೊಟ್ಟೆ.”

“ಘನಂದಾರಿ ಕೆಲಸ ಮಾಡಿದ್ರಿ!”

ಬೈದಳೇನೋ ನಿಜ, ಆದರೆ ತಲೆಯೊಳಗೆ ಬಹಳ ದಿನದಿಂದ ಮಲಗಿದ್ದದ್ದೇನೋ ಎದ್ದು ಕೂತಿತ್ತು. ಊರಿನಲ್ಲಿ ಹನ್ನೊಂದು ವರ್ಷ ಲಕ್ಷಗಟ್ಟಲೆ ಕರೆಂಟ್ ಮೀಟರುಗಳ ಡೇಟಾಬೇಸನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವಳು ಅವಳು. ಈ ದೇಶಕ್ಕೆ ಬಂದ ಹದಿನಾಲ್ಕು ತಿಂಗಳಲ್ಲಿ ಹಾಕಿದ್ದು ಅರವತ್ತಮೂರು ಅರ್ಜಿ. ಈ ಆಸ್ಪತ್ರೆಗೇ ಎರಡು. ಎಲ್ಲರದೂ ಒಂದೇ ರಾಗ: ಇಲ್ಲಿನ ಅನುಭವ ಇಲ್ಲ. ಸದ್ಯಕ್ಕೆ ಬೇಕರಿಯಲ್ಲಿ ಬ್ರೆಡ್ಡಿನ ಪೊಟ್ಟಣಗಳಿಗೆ ತಾರೀಕಿನ ಚೀಟಿ ಅಂಟಿಸುವ ಕೆಲಸ. ಅಂಟಿಸುತ್ತ ಅಂಟಿಸುತ್ತ, ತನ್ನ ತಾರೀಕೂ ಮುಗಿದೇ ಹೋಯಿತೇನೋ ಎಂದು ಅವಳಿಗೆ ಭಯವಾಗುತ್ತಿತ್ತು.

ಡಾಕ್ಟರು ಫೋನ್ ಮಾಡಿದ್ದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಏದುಸಿರು ಬಿಡುತ್ತ ಬಂದರು. “ಮತ್ತೊಂದಾ! ಮೂರು ತಿಂಗಳಿಂದ ಒಬ್ಬರ ದಾಖಲೆ ಇನ್ನೊಬ್ಬರಿಗೆ ಅಂಟ್ಕೊಳ್ತಿದೆ. ಯಾಕೆ ಅಂತ ಯಾರಿಗೂ ತಲೆಬುಡ ಗೊತ್ತಾಗ್ತಿಲ್ಲ.”

“ಒಬ್ಬರೇ ಎರಡು ಸಲ ಹೆಸರು ಬರೆಸಿದ್ರೆ, ಎರಡನ್ನೂ ಸೇರಿಸಿ ಒಂದು ಮಾಡೋ ಪ್ರೋಗ್ರಾಂ ಏನಾದ್ರೂ ಇಟ್ಟಿದೀರಾ?” ಎಂದಳು ಅವಳು.

“ಹೌದು, ಪ್ರತಿ ಭಾನುವಾರ ಓಡತ್ತೆ. ಹೆಸರಿನ ಮೊದಲಕ್ಷರ, ಸರ್‌ನೇಮ್, ಹುಟ್ಟಿದ ದಿನ-ತಿಂಗಳು, ಇಷ್ಟು ಸೇರಿದ್ರೆ ಒಬ್ಬರೇ ಅಂದ್ಕೊಳತ್ತೆ. ಅದೆಲ್ಲ ನಿಮಗೆ ಹೇಗೆ ಗೊತ್ತು?”

“‘ಇಲ್ಲ’ ಅನ್ನೋ ಸರ್‌ನೇಮ್ ಹುಡುಕಿ. ನನಗೆ ತೋರಿಸ್ಬೇಡಿ, ಬೇರೆಯವರ ವಿಷಯ. ಎಷ್ಟು ಜನ ಹೆಸರು ಬರೆಸಿದಾರೆ ಅಂತ ಮಾತ್ರ ಹೇಳಿ.” ಹಾಗೆಂದವಳೇ ಗೋಡೆಯ ಕಡೆ ತಿರುಗಿ ಕೂತಳು. ಮುಖ್ಯಸ್ಥೆ ಅವಳನ್ನೊಮ್ಮೆ ನೋಡಿ, ಆಮೇಲೆ ಹುಡುಕತೊಡಗಿದರು.

“ಎಪ್ಪತ್ತೊಂದು. ಅಬ್ಬಾ, ದೊಡ್ಡ ಮನೆತನ ನಿಮ್ಮದು!”

“ಅದರಲ್ಲಿ ಜೂನ್ ಒಂದರಂದು ಹುಟ್ಟಿದವರು?”

“ನಲವತ್ತು! ಇಷ್ಟೂ ಜನ ಒಂದೇ ದಿನ ಹುಟ್ಟಿದ್ರಾ?”

“ಹುಟ್ಟಲಿಲ್ಲ ಮೇಡಂ, ಒಂದನೇ ಕ್ಲಾಸಿಗೆ ಸೇರಿದ್ರು. ಹುಟ್ಟಿದ ದಿನ ಮನೇಲಿ ಯಾರಿಗೂ ನೆನಪಿಲ್ದಿದ್ರೆ, ಶಾಲೆ ಶುರುವಾಗೋ ದಿನಾನೇ ಮೇಷ್ಟ್ರು ಬರ್ಕೊಳ್ತಿದ್ರು. ಇನ್ನು ‘ಇಲ್ಲ’ ಅನ್ನೋದು ಮನೆತನ ಅಲ್ಲ. ಇರದೇ ಇರೋದಕ್ಕೆ, ಬರದೇ ಇರೋದಕ್ಕೆ, ಸಿಗದೇ ಇರೋದಕ್ಕೆ, ನಮ್ಮ ಭಾಷೇಲಿ ಎಲ್ಲಕ್ಕೂ ಅದೊಂದೇ ಮಾತು.”

ಮುಖ್ಯಸ್ಥೆ ಡಾಕ್ಟರ ಸ್ಟೂಲಿನ ಮೇಲೆ ಕುಸಿದು ಕೂತರು. “ಈಗ ಏನ್ ಮಾಡೋದು?”

“ಈ ಭಾನುವಾರದ್ದನ್ನ ಮೊದಲು ನಿಲ್ಸಿ. ಏನನ್ನೂ ಅಳಿಸ್ಬೇಡಿ. ಮೂರು ತಿಂಗಳ ಹಿಂದಿನ ಬ್ಯಾಕಪ್ ಬೇರೆ ಕಡೆ ತೆರೆದಿಟ್ಟು, ಒಂದೊಂದೇ ದಾಖಲೆ ಹೋಲಿಸಿ ಬಿಡಿಸ್ಬೇಕು. ಆಮೇಲೆ, ಸರ್‌ನೇಮ್ ಇಲ್ಲದವರು ಆ ಜಾಗ ಖಾಲಿ ಬಿಡೋ ಹಾಗೆ ಮಾಡಿ.” ಹಲ್ಲುನೋವು ಎಲ್ಲಿ ಹೋಯಿತೋ! ಹದಿನಾಲ್ಕು ತಿಂಗಳ ಮೇಲೆ ತನ್ನ ಕೆಲಸದ ಮಾತನ್ನು ತನ್ನ ಬಾಯಿಂದಲೇ ಕೇಳುತ್ತಿದ್ದಳು, ಅವಳಿಗೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಗಂಡ ಅವಳ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ.

ಮುಖ್ಯಸ್ಥೆ ಅವಳನ್ನು ಮೇಲಿನ ಮಹಡಿಗೆ ಕರೆದೊಯ್ದು, ಒಂದೂವರೆ ಗಂಟೆ ಕೂರಿಸಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಒಂದಕ್ಕೂ ಅವಳು ತಡವರಿಸಲಿಲ್ಲ. ಕೊನೆಗೆ ಬಾಗಿಲ ಹೊರಗೆ, ಕಾಯುತ್ತಿದ್ದ ಗಂಡನ ಎದುರಿಗೇ, ಮುಖ್ಯಸ್ಥೆ ಅವಳ ಎರಡೂ ಹಳೆಯ ಅರ್ಜಿಗಳನ್ನು ಹಿಡಿದು ನಿಂತರು.

“‘ಇಲ್ಲಿನ ಅನುಭವ ಇಲ್ಲ’ ಅಂತ ಇದರ ಮೇಲೆ ಬರೆದವಳು ನಾನೇ. ಎರಡು ಸಲಾನೂ.” ಪೆನ್ನು ತೆಗೆದು ಆ ಸಾಲುಗಳನ್ನು ಗೀಚಿ ಹೊಡೆದುಹಾಕಿದರು. “ಆರು ತಿಂಗಳ ಒಪ್ಪಂದ, ಡೇಟಾಬೇಸ್ ಪೂರ್ತಿ ನಿಮ್ಮ ಕೈಗೆ. ನಿರ್ದೇಶಕರು ಫೋನಲ್ಲೇ ಒಪ್ಪಿದ್ರು. ಸೋಮವಾರದಿಂದ ಬರೋಕೆ ಏನಾದ್ರೂ ಅಡ್ಡಿ ಇದೆಯಾ?”

“ಹೋಗ್ ಬಾರೇ, ಅವಳಿ ಮಕ್ಕಳನ್ನ ನಾನ್ ನೋಡ್ಕೋತೀನಿ,” ಎಂದ ಗಂಡ.

ಊದಿದ ಕೆನ್ನೆಯಲ್ಲೇ ಅವಳು ನಕ್ಕುಬಿಟ್ಟಳು. ಆಮೇಲೆ ಮುಖ್ಯಸ್ಥೆಯ ಕಡೆ ತಿರುಗಿ, ಅಚ್ಚ ಕನ್ನಡದಲ್ಲಿ, “ಇಲ್ಲ!” ಎಂದಳು.

ಈ ಸಲ ಮುಖ್ಯಸ್ಥೆ ಅದನ್ನು ಮನೆತನದ ಹೆಸರು ಅಂದುಕೊಳ್ಳಲಿಲ್ಲ. ಕೈ ಚಾಚಿದರು.