ಸಂದೂಕಿನ ಹಿಂದಿನ ಗೋಡೆ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದೆ. ಇಂದು ಮಗ ತಂದ ಬಣ್ಣದ ಎಸ್ಟಿಮೇಟ್ ಓದುವಾಗ ‘ಗಿಲಾವು ರಿಪೇರಿ’ ಎಂಬ ಸಾಲಿನ ಮೇಲೆ ಬೆರಳು ನಿಂತಿತು.

ಆಗ ನನಗೆ ಹತ್ತು ವರ್ಷ. ಇಳಕಲ್ಲಿನ ನಮ್ಮ ಮನೆಗೆ ಬಣ್ಣ ಬಳಿಯಲು ಇಬ್ಬರು ಪೇಂಟರುಗಳು ಖರ್ಚಿನ ಚೀಟಿ ಕೊಟ್ಟಿದ್ದರು. ಅಪ್ಪ ಒಂದೊಂದೇ ಸಾಲು ಹೋಲಿಸಿದ. ಒಬ್ಬರ ಚೀಟಿಯಲ್ಲಿ ಮಾತ್ರ ಪಡಸಾಲೆಯ ಸಂದೂಕಿನ ಹಿಂದಿನ ಗೋಡೆಯ ಗಿಲಾವು ರಿಪೇರಿ ಇತ್ತು. ಅವರನ್ನು ಕರೆಸಿದ.

“ಹ್ವಾದ ವರ್ಷ ಕಟ್ಟಿಸಿದ ಗ್ವಾಡಿ. ಇಲ್ಲದ್ ಕೆಲಸ ಬರದೀರೇನ್ರಿ?”

“ಈ ಹುಡುಗನ್ನ ಕೇಳ್ರಿ. ಸಂದೂಕಿನ ಹಿಂದ ಅಳತಿ ತಗೊಳ್ಳುವಾಗ ಟೇಪ್ ಹಿಡದಾಂವ ಇವನ.”

ಗೂಟ ಬಡಿಯಲು ಹೋಗಿ ಗೋಡೆಗೆ ಮೆತ್ತಿದ ಗಿಲಾವು ಕೆಡವಿ, ಅದು ಕಾಣದಂತೆ ಸಂದೂಕು ತಳ್ಳಿದವನು ನಾನೇ.

“ಏನೂ ಒಡದಿಲ್ಲಪಾ” ಎಂದೆ.

“ನನ್ನ ಮಗ ಸುಳ್ಳ ಹೇಳಂಗಿಲ್ಲ!”

ಪೇಂಟರ್ ನನ್ನ ಮುಖ ನೋಡಿದರು. ಸಂದೂಕು ಸರಿಸಿ ಎನ್ನಲಿಲ್ಲ. “ನನ್ನ ಕಣ್ಣ ತಪ್ಪಿರಬೇಕ್ರಿ” ಎಂದು ಚೀಟಿ ಮಡಚಿಕೊಂಡರು.

ಅವರು ಇಲ್ಲದ ಕೆಲಸ ಬರೆದು ದುಡ್ಡು ಕೇಳುತ್ತಾರೆಂದು ಅಪ್ಪ ಓಣಿಗೆಲ್ಲ ಹೇಳಿದ. ಮತ್ತಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ನಾನು ಎಂದೂ ಕ್ಷಮೆ ಕೇಳದ ಆ ಪೇಂಟರ್, ಮೌಲಾಸಾಬ್ ಕಾಕಾ.